ಗುಳೆಯಿಂದ ಮರಳುವ ಮಕ್ಕಳಿಗೆ ಜೊತೆಗಾರರು ಬೇಕು

ಮಾನ್ಯ ಸಂಪಾದಕರೇ,

ನಮ್ಮ ಯಾದಗಿರಿ ಜಿಲ್ಲೆಯ ಶಾಲೆಗಳಲ್ಲಿ ವಿದ್ಯಾರ್ಥಿಗಳ ಸ್ವಯಂಸೇವೆಯೆಂದರೆ ಬಹುಮಟ್ಟಿಗೆ ಆವರಣ ಗುಡಿಸುವುದು, ಫಲಕ ಹಿಡಿದು ಜಾಥಾ ಹೊರಡುವುದು ಎಂದೇ ಆಗಿದೆ. ಇವು ಬೇಡವೆಂದಲ್ಲ. ಆದರೆ ಇದಕ್ಕಿಂತ ಅಗತ್ಯವಾದ, ಮಕ್ಕಳಿಂದಲೇ ಆಗಬೇಕಾದ ಕೆಲಸವೊಂದು ಪ್ರತಿ ಜೂನ್‌ನಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ಗುಳೆ ಹೋದ ಎಷ್ಟೋ ಕುಟುಂಬಗಳು ಮುಂಗಾರಿನ ಹೊತ್ತಿಗೆ ಊರಿಗೆ ಮರಳುತ್ತವೆ. ಓದು ನಡುವೆಯೇ ನಿಂತ ಮಕ್ಕಳನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹಾಗೆ ಆರನೆಯ ತರಗತಿಯಲ್ಲಿ ಕುಳಿತ ಹುಡುಗಿ, ಓದುವಾಗ ತಡವರಿಸಿ, ಸಹಪಾಠಿಗಳು ನಕ್ಕಾಗ ಕೊನೆಯ ಸಾಲಿಗೆ ಸರಿದು, ತಮ್ಮನನ್ನು ನೋಡಿಕೊಳ್ಳುವ ನೆಪದಲ್ಲಿ ಕೆಲವೇ ವಾರಗಳಲ್ಲಿ ಶಾಲೆಗೆ ಬರುವುದನ್ನೇ ಬಿಡುತ್ತಾಳೆ. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಆಡುವ ಮಗುವಿನ ಸಂಕೋಚ ಇನ್ನೂ ಹೆಚ್ಚು.

ಶಾಲಾ ಸಂಸತ್ತಿನಲ್ಲಿ ಆಹಾರಕ್ಕೆ, ಆರೋಗ್ಯಕ್ಕೆ, ಸ್ವಚ್ಛತೆಗೆ ಮಂತ್ರಿಗಳಿರುತ್ತಾರೆ. ಪ್ರಮಾಣವಚನವೂ ವಿಧಾನಸೌಧದಷ್ಟೇ ಗಂಭೀರವಾಗಿ ನಡೆಯುತ್ತದೆ. ಅದರ ಅಡಿಯಲ್ಲಿಯೇ, ಮರಳಿ ಬಂದ ಪ್ರತಿ ಮಗುವಿಗೂ ಅದೇ ಓಣಿಯ ಅಥವಾ ಅದೇ ತಾಂಡಾದ ಒಬ್ಬ ವಿದ್ಯಾರ್ಥಿಯನ್ನು ಜೊತೆಗಾರನಾಗಿ ನೇಮಿಸಬಹುದು. ಬೆಳಿಗ್ಗೆ ಕರೆದುಕೊಂಡು ಬರುವುದು, ತರಗತಿಯಲ್ಲಿಯೂ ಬಿಸಿಯೂಟದ ಸಾಲಿನಲ್ಲಿಯೂ ಪಕ್ಕದಲ್ಲಿ ಕೂರುವುದು, ಆಟಕ್ಕೆ ಗುಂಪು ಕಟ್ಟುವಾಗ ಮೊದಲು ಇವರ ಹೆಸರು ಕರೆಯುವುದು, ಇಷ್ಟು ಸಾಕು. ಮೊದಲ ಸ್ಥಾನ ಪಡೆಯುವವರನ್ನೇ ಇದಕ್ಕೆ ಆರಿಸುವ ನಮ್ಮ ಹಳೆಯ ಚಾಳಿಯನ್ನು ಮಾತ್ರ ಬಿಡಬೇಕು. ಹಿಂದೆ ತಾನೂ ಗುಳೆ ಹೋಗಿ ಬಂದ ಹುಡುಗನಿಗೆ ಈ ಕೆಲಸ ಯಾರೂ ಹೇಳಿಕೊಡದೆಯೇ ಬರುತ್ತದೆ.

ಪಾಠ ಕಲಿಸುವ ಹೊಣೆ ಶಿಕ್ಷಕರದೇ ಆಗಿರಬೇಕು. ಖಾಲಿ ಹುದ್ದೆಗಳಿಂದಾದ ಕೊರತೆಯನ್ನು ಮಕ್ಕಳಿಂದ ತುಂಬಿಸುವಂತಾಗಬಾರದು. (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371-ಜೆ ವಿಧಿ ಬಂದ ಮೇಲೂ ನಮ್ಮ ಭಾಗದಲ್ಲಿ ಹುದ್ದೆಗಳು ಖಾಲಿ ಉಳಿದಿರುವುದು ಬೇರೆಯೇ ಪತ್ರದ ವಿಷಯ.) ನೆರವು ಪಡೆದ ಮಗುವನ್ನು ವೇದಿಕೆಗೆ ಕರೆದು, ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದನ್ನಂತೂ ಮಾಡಲೇಬಾರದು. ಆ ಮಗು ಮರುದಿನ ಅದೇ ಸಹಪಾಠಿಗಳ ನಡುವೆ ಕುಳಿತುಕೊಳ್ಳಬೇಕಲ್ಲವೇ?

ಇದಕ್ಕೆ ಅನುದಾನವೂ ಬೇಡ, ಹೊಸ ಸಮಿತಿಯೂ ಬೇಡ. ಈ ಬಾರಿಯ ಶಾಲಾ ಪ್ರಾರಂಭೋತ್ಸವಕ್ಕೆ ಮುನ್ನ ನಡೆಯುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಗುಳೆ ಹೋದ ಮಕ್ಕಳ ಪಟ್ಟಿಯನ್ನು ಮುಂದಿಟ್ಟುಕೊಂಡು ಜೊತೆಗಾರರನ್ನು ಗುರುತಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮುಖ್ಯ ಶಿಕ್ಷಕರಿಗೆ ಸೂಚಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಶಹಾಪುರ, ಯಾದಗಿರಿ ಜಿಲ್ಲೆ