ಮಗಳಿಗೊಂದು ಪತ್ರ: ಪೆಟ್ಟಿಗೆ ಬಿಚ್ಚುವ ಮುನ್ನ

ಪುಟ್ಟಿ,

ರೆಕಾರ್ಡ್ ಕೇಳುವ ನಮ್ಮ ಹಳೇ ಸೆಟ್ಟು ಮಂಗಳವಾರ ಮಂಗಳೂರು ತಲುಪುತ್ತದೆ. ಒಟ್ಟು ಆರು ಪೆಟ್ಟಿಗೆ: ಗ್ಯಾರಾರ್ಡ್ ಎಸ್‌ಪಿ 25 ಟರ್ನ್‌ಟೇಬಲ್ಲು ಒಂದು, ಆಂಪ್ಲಿಫೈಯರ್ ಒಂದು, ಸ್ಪೀಕರ್ ಎರಡು, ರೆಕಾರ್ಡಿನವು ಎರಡು. ಬಂದ ಸಂಜೆಯೇ ಪ್ಲಗ್ ಹಾಕಿ ಹಾಡು ಹಚ್ಚೋಣ ಅನ್ನಿಸುತ್ತದೆ, ಗೊತ್ತು. ಹಚ್ಚಬೇಡ. ವರ್ಷಗಟ್ಟಲೆ ಕರೆಂಟು ಕಾಣದ ಆಂಪ್ಲಿಫೈಯರ್ ಸುಟ್ಟುಕೊಳ್ಳುವುದು ಹೆಚ್ಚಾಗಿ ಆ ಮೊದಲ ಗಂಟೆಯಲ್ಲೇ. ಒಳಗೆ ವಿದ್ಯುತ್ ಕೂಡಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಕೆಲಸವಿಲ್ಲದೆ ಕೂತಷ್ಟೂ ಅವುಗಳ ಆಕ್ಸೈಡ್ ಪೊರೆ ಸವೆಯುತ್ತದೆ. ಒಮ್ಮೆಗೇ 230 ವೋಲ್ಟ್ ಬಿಟ್ಟರೆ ಒಂದು ಶಾರ್ಟ್ ಆಗಿ, ತನ್ನ ಜೊತೆ ಇನ್ನೂ ನಾಲ್ಕು ಪಾರ್ಟುಗಳನ್ನು ಕರೆದುಕೊಂಡು ಹೋಗುತ್ತದೆ.

ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಮಾಡಿಸು. ಅದರ ಫೇಸ್ ದಾರಿಯಲ್ಲಿ, ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬನ್ನು ಹಾದೇ ಮುಂದೆ ಹೋಗುವಂತೆ, 60 ವ್ಯಾಟಿನ ಹಳೇ ಕಾಲದ ಬಲ್ಬು ಇರಬೇಕು, ಎಲ್‌ಇಡಿ ನಡೆಯುವುದಿಲ್ಲ. ಸ್ಪೀಕರ್ ಜೋಡಿಸದೆ, ವಾಲ್ಯೂಮ್ ಸೊನ್ನೆಗಿಟ್ಟು ಆಂಪ್ಲಿಫೈಯರ್ ಆನ್ ಮಾಡಿಸು. ಬಲ್ಬು ಒಮ್ಮೆ ಝಗ್ಗೆಂದು ಆಮೇಲೆ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆರಿಸಿ ರಿಪೇರಿಗೆ ಕಳಿಸು. ಮಂಕಾದದ್ದನ್ನು ಅರ್ಧ ಗಂಟೆ ಹಾಗೇ ಬಿಟ್ಟು, ನಂತರ ನೇರ ಕರೆಂಟಿಗೆ ಹಾಕಿ, ಸ್ಪೀಕರ್ ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ವೋಲ್ಟೇಜು, ನೋಡಿಸು. 50 ಮಿಲಿವೋಲ್ಟಿನ ಒಳಗಿರಬೇಕು. ವೋಲ್ಟುಗಟ್ಟಲೆ ತೋರಿಸಿದರೆ ಸ್ಪೀಕರ್ ಹತ್ತಿರಕ್ಕೂ ತರಬೇಡ, ಸ್ಪೀಕರಿನೊಳಗಿನ ತಂತಿಯ ಸುರುಳಿ, ವಾಯ್ಸ್ ಕಾಯಿಲ್, ಸುಟ್ಟು ಕರಕಲಾಗುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಅದು ರೋಗವಲ್ಲ, ಧೂಳು. ಕರೆಂಟು ತೆಗೆದು, ಗುಂಡಿಯ ಹಿಂದಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸು.

ಟರ್ನ್‌ಟೇಬಲ್ಲಿಗೆ ಬಾ. ಸಾಗಣೆಗೆಂದು ಡೆಕ್ಕನ್ನು, ಅಂದರೆ ತಟ್ಟೆ ಮತ್ತು ತೋಳು ಕೂತಿರುವ ಮೇಲಿನ ಹಲಗೆಯನ್ನು, ಸ್ಕ್ರೂ ಹಾಕಿ ಬಿಗಿದಿದೆ, ಮುಳ್ಳು ಹೊತ್ತ ತೋಳನ್ನು ಮೆತ್ತನೆ ದಾರದಲ್ಲಿ ಕಟ್ಟಿದೆ. ಎರಡನ್ನೂ ಬಿಡಿಸು. ಅಂಚನ್ನು ಬೆರಳಲ್ಲಿ ಒತ್ತಿದರೆ ಡೆಕ್ಕು ಸ್ಪ್ರಿಂಗಿನ ಮೇಲೆ ತೂಗಬೇಕು. ತಟ್ಟೆ ಎತ್ತಿದರೆ ಕೆಳಗೆ ಒಂದು ಸಣ್ಣ ರಬ್ಬರ್ ಚಕ್ರ ಕಾಣುತ್ತದೆ. ಅದೇ ಐಡ್ಲರ್. ಮೋಟಾರಿನ ಪುಲ್ಲಿಗೂ ತಟ್ಟೆಯ ಒಳ ಅಂಚಿಗೂ ನಡುವೆ ನಿಂತು ತಟ್ಟೆಯನ್ನು ತಿರುಗಿಸುವುದು ಅದು. ಹಳೆಯದಾದಾಗ ರಬ್ಬರಿನ ಮೈ ಗಾಜಿನಂತೆ ನುಣುಪಾಗಿ ಜಾರುತ್ತದೆ, ಹಾಡು ಎಳೆದಂತೆ ಕೇಳುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಚಕ್ರ, ಪುಲ್ಲಿ, ತಟ್ಟೆಯ ಒಳ ಅಂಚು ಮೂರನ್ನೂ ಒರೆಸು. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಬಿಡಬೇಡ. ಅಲ್ಲೆಲ್ಲೂ ಎಣ್ಣೆಯ ಪಸೆ ಇರಕೂಡದು. ಎಣ್ಣೆ ಬೇಕಿರುವುದು ನಡುವಿನ ಬೇರಿಂಗಿಗೆ ಮಾತ್ರ, ಹೊಲಿಗೆ ಮಷೀನಿನ ಎಣ್ಣೆ, ಎರಡೇ ಹನಿ. ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಅದು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ನಿಮ್ಮ ಸೆಕೆಯಲ್ಲಿ ಕಟ್ಟದಿದ್ದರೂ ದಿನ ಕಳೆದಂತೆ ಅಂಟಾಗುತ್ತದೆ. ಇನ್ನೊಂದು: ಕೇಳಿ ಮುಗಿದ ಮೇಲೆ ಗುಂಡಿಯನ್ನು ಆಫ್‌ಗೆ ತಂದೇ ಏಳು. ಗೋಡೆಯ ಸ್ವಿಚ್ಚಿನಲ್ಲಿ ಆರಿಸಿದರೆ ಐಡ್ಲರ್ ಪುಲ್ಲಿಗೆ ಒತ್ತಿಕೊಂಡೇ ಇರುತ್ತದೆ, ನಾಲ್ಕು ದಿನಕ್ಕೆ ಅಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಪ್ರತಿ ಸುತ್ತಿಗೂ ದಡ್, ದಡ್.

ವೇಗ ನೋಡಲು ಸ್ಟ್ರೋಬ್ ಡಿಸ್ಕಿನ ಕಾಗದ ಇಟ್ಟಿದ್ದೇನೆ. ಎಲ್‌ಪಿ ರೆಕಾರ್ಡು ತಿರುಗುವುದು ನಿಮಿಷಕ್ಕೆ 33⅓ ಸುತ್ತು. 50 ಹರ್ಟ್ಸ್ ಕರೆಂಟಿಗೆ ಆ 33⅓ರ ವೃತ್ತದಲ್ಲಿ 180 ಗೆರೆ. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದರೆ ಗೆರೆಗಳು ನಿಂತಂತೆ ಕಾಣಬೇಕು. ಹಿಂದಕ್ಕೆ ಸರಿದರೆ ನಿಧಾನ, ಮುಂದಕ್ಕೆ ಸರಿದರೆ ಜೋರು. ನಿನ್ನ ಅತ್ತೆ ಮಗ ಅಮೆರಿಕದಿಂದ ಒಂದು ಹಳೇ ಟರ್ನ್‌ಟೇಬಲ್ ತರುತ್ತೇನೆ ಅಂದನಂತೆ. ಅಲ್ಲಿನ ಕರೆಂಟು 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜು ಇಳಿಯುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ನಮ್ಮದರಂಥ ಮೋಟಾರಾದರೆ 33⅓ ಸುತ್ತು ಇಲ್ಲಿ ಸುಮಾರು 27.8 ಆಗುತ್ತದೆ, ಐದೂವರೆ ಮನೆ ಶ್ರುತಿಯಲ್ಲಿ ಹಾಡಿದ ಗಾಯಕಿ ನಾಲ್ಕು ಮನೆಗೆ ಇಳಿದುಬಿಡುತ್ತಾಳೆ. ಪುಲ್ಲಿ ಬದಲಾಯಿಸಿದರೆ ಮಾತ್ರ ಗುಣ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ತರಹದ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್, ಅಂದರೆ ಮೋಟಾರೇ ನೇರ ತಟ್ಟೆ ತಿರುಗಿಸಿ ಕ್ವಾರ್ಟ್ಜ್ ಹರಳು ವೇಗ ಕಾಯುವಂಥದ್ದು, ಆದರೆ ಈ ತಾಪತ್ರಯವಿಲ್ಲ, ವೋಲ್ಟೇಜು ಸರಿಯಿದ್ದರೆ ಸಾಕು. ಹೇಳು ಅವನಿಗೆ.

ಈಗ ಮುಳ್ಳು. ಆಂಪ್ಲಿಫೈಯರ್, ಕೇಬಲ್ಲು, ಸ್ಪೀಕರ್ ಅಂತ ಜನ ದುಡ್ಡು ಸುರಿಯುತ್ತಾರೆ. ನಿನ್ನ ಹತ್ತಿರ ಒಂದೇ ಬಾಬತ್ತಿಗೆ ಆಗುವಷ್ಟು ದುಡ್ಡಿದ್ದರೆ ಅದು ಮುಳ್ಳಿಗೆ ಹೋಗಲಿ. ಸವೆದ ಮುಳ್ಳು ಹಾಡನ್ನು ಕೆಡಿಸಿ ಸುಮ್ಮನಾಗುವುದಿಲ್ಲ, ರೆಕಾರ್ಡಿನ ಗಾಡಿಯನ್ನೇ, ಅಂದರೆ ಹಾಡು ಕೊರೆದ ಸಣ್ಣ ಗೀರನ್ನೇ, ಕೆತ್ತುತ್ತದೆ. ಅಲ್ಲಿ ಹೋದ ಧ್ವನಿ ಯಾವ ಹೊಸ ಮುಳ್ಳಿಗೂ ಮರಳಿ ಸಿಗುವುದಿಲ್ಲ. ತೋಳಿನ ತುದಿಯಲ್ಲಿ ಮುಳ್ಳು ಕೂರುವ ಪುಟ್ಟ ಡಬ್ಬಿಗೆ ಕಾರ್ಟ್ರಿಡ್ಜ್ ಅನ್ನುತ್ತಾರೆ, ಈಗಿರುವುದು ಆಡಿಯೋ-ಟೆಕ್ನಿಕಾ ಎಟಿ-ವಿಎಂ95ಸಿ. ಮುಳ್ಳಿನ ತುದಿ ಗುಂಡಗಿನದು. ಇದಕ್ಕಿಂತ ಚೂಪಾದ, ದುಬಾರಿ ತುದಿ ಈ ಹಳೇ ತೋಳಿಗೆ ದಂಡ. ಆಯಸ್ಸು 500 ಗಂಟೆ. ಒಂದು ಎಲ್‌ಪಿಯ ಎರಡೂ ಮಗ್ಗುಲು ಸೇರಿ 40 ನಿಮಿಷ ಅಂದುಕೋ, ದಿನಕ್ಕೊಂದು ಕೇಳಿದರೆ ಎರಡು ವರ್ಷ. ಹಾಕಿದ ತಾರೀಕನ್ನು ಡೆಕ್ಕಿನ ಅಡಿಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಮುಳ್ಳು ರೆಕಾರ್ಡಿನ ಮೇಲೆ ಊರುವ ಭಾರ 2 ಗ್ರಾಂ, 1.8ರಿಂದ 2.2ರ ನಡುವೆ ಇರಬಹುದು. ಮೊದಲು ಹಿಂದಿನ ತೂಕದ ಗುಂಡು ಸರಿಸಿ, ತೋಳು ತಕ್ಕಡಿಯ ದಂಡಿಯ ಹಾಗೆ ಗಾಳಿಯಲ್ಲಿ ಸಮನಾಗಿ ನಿಲ್ಲುವಂತೆ ಮಾಡು. ಆಮೇಲೆ ಭಾರ ಕೊಡು. ತೋಳಿನ ಮೇಲಿನ ಅಂಕಿಯನ್ನು ನಂಬಬೇಡ, ಸ್ಪ್ರಿಂಗು ಹಳೆಯದು. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲೇ ನೋಡು. ಅದರ ತಟ್ಟೆ ಕಬ್ಬಿಣದ್ದಾದರೆ ಕಾರ್ಟ್ರಿಡ್ಜಿನ ಅಯಸ್ಕಾಂತ ಅದಕ್ಕೆ ಕಚ್ಚಿಕೊಂಡು ತೂಕ ಸುಳ್ಳು ಹೇಳುತ್ತದೆ, ಪ್ಲಾಸ್ಟಿಕ್ಕಿನದನ್ನೇ ತಗೋ. ಹಗುರವಾದಷ್ಟೂ ರೆಕಾರ್ಡಿಗೆ ಸುಖ ಅನ್ನುವುದು ತಪ್ಪು ಲೆಕ್ಕ. ಭಾರ ಸಾಲದ ಮುಳ್ಳು ಗಾಡಿಯ ಗೋಡೆಯಿಂದ ಗೋಡೆಗೆ ಕುಪ್ಪಳಿಸುತ್ತಾ ಹೋಗುತ್ತದೆ, ಎರಡೂ ಗೋಡೆ ಚಕ್ಕೆ ಏಳುತ್ತವೆ. ಮಗ್ಗುಲಿನ ಕೊನೆಯ ಹಾಡಿನಲ್ಲಿ ಸ, ಶ ಅಕ್ಷರಗಳು ಉಸ್ ಉಸ್ ಎಂದು ಹರಿದರೆ ಮೊದಲು ಭಾರ ನೋಡು, ಆಮೇಲೆ ಮುಳ್ಳಿಗೆ ಸಿಕ್ಕ ಧೂಳು ನೋಡು. ಧೂಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಬ್ರಷ್ ಮಾಡಬೇಕು, ಅಡ್ಡ ಎಳೆದರೆ ಮುಳ್ಳು ಮುರಿಯುತ್ತದೆ.

ಕಾರ್ಟ್ರಿಡ್ಜಿನ ಹಿಂದಿನ ತಂತಿ ಬಿಚ್ಚಿಹೋಗಿದ್ದರೆ: ಬಿಳಿ ಎಡ, ನೀಲಿ ಎಡದ ಮರುದಾರಿ, ಕೆಂಪು ಬಲ, ಹಸಿರು ಬಲದ ಮರುದಾರಿ. ಟರ್ನ್‌ಟೇಬಲ್ಲಿನಿಂದ ಪ್ಲಗ್ಗಿನ ಜೊತೆ ಬರುವ ಒಂಟಿ ತಂತಿ ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂಗೆ ಹೋಗಬೇಕು, ಇಲ್ಲದಿದ್ದರೆ ಗುಂಯ್ ನಿಲ್ಲುವುದಿಲ್ಲ. ಟರ್ನ್‌ಟೇಬಲ್ಲಿನ ಪ್ಲಗ್ಗು ಆಂಪ್ಲಿಫೈಯರಿನಲ್ಲಿ ಫೋನೋ ಮ್ಯಾಗ್ನೆಟಿಕ್ ಅಂತ ಬರೆದಲ್ಲಿಗೇ. ರೆಕಾರ್ಡಿಗೆ ಹಾಡನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿರುತ್ತಾರೆ, ಫೋನೋ ಸರ್ಕ್ಯೂಟು ಅದನ್ನು ತಿರುಗಿಸಿ ಸಮ ಮಾಡುತ್ತದೆ. ಬೇರೆ ಸಾಧನಗಳಿಗೆಂದಿರುವ ಆಕ್ಸ್ ಕಿಂಡಿಗೆ ಹಾಕಿದರೆ ಸೊಳ್ಳೆ ಹಾಡಿದ ಹಾಗೆ.

ರೆಕಾರ್ಡುಗಳ ಮಾತು. ನಮ್ಮ ಎಚ್‌ಎಂವಿ ಎಲ್‌ಪಿಗಳಲ್ಲಿ ಬಹುಪಾಲು ಕಲ್ಕತ್ತಾದ ದಂದಂ ಕಾರ್ಖಾನೆಯಲ್ಲಿ ಒತ್ತಿದವು. ಕೆಲವಕ್ಕೆ ಹುಟ್ಟಿನಿಂದಲೇ ಚಟಪಟ ಇದೆ, ತೊಳೆದು ಹೋಗುವುದಲ್ಲ. ತೊಳೆಯಲು ಡಿಸ್ಟಿಲ್ಡ್ ವಾಟರ್ 800 ಮಿಲಿ, ಐಸೋಪ್ರೊಪೈಲ್ 200 ಮಿಲಿ, ಪಾತ್ರೆ ತೊಳೆಯುವ ಲಿಕ್ವಿಡ್ ಮೂರು ಹನಿ. ಬೋರ್‌ವೆಲ್ ನೀರು ಬೇಡ, ಆರಿದ ಮೇಲೆ ಅದರ ಉಪ್ಪು ಗಾಡಿಯಲ್ಲೇ ಕೂರುತ್ತದೆ. ಮೆತ್ತನೆ ಬ್ರಷ್ ಗಾಡಿಯ ಗುಂಟ ಸುತ್ತಬೇಕು, ಲೇಬಲ್ ನೆನೆಯಬಾರದು. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಫ್ಯಾನಿನ ಕೆಳಗೆ ಪ್ಲೇಟ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಿಯೇ ಕವರಿಗೆ ಹಾಕು. ಒದ್ದೆ ಕವರು, ಮಂಗಳೂರಿನ ಜೂನ್: ಬಿಳಿ ಬೂಷ್ಟು ಖಂಡಿತ. ಮಳೆ ಬಡಿಯುವ ಗೋಡೆಗೆ ಒರಗಿಸದೆ, ನೇರವಾಗಿ ನಿಲ್ಲಿಸಿಡು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಾಗುತ್ತವೆ. ನೂರು ಎಲ್‌ಪಿ ಕವರ್ ಸಹಿತ 20 ಕಿಲೋ ದಾಟುತ್ತದೆ, ತೆಳು ಹಲಗೆಯ ಶೆಲ್ಫು ತಡೆಯುವುದಿಲ್ಲ.

ಚಿಕ್ಕ ಪೆಟ್ಟಿಗೆಯಲ್ಲಿ ಹನ್ನೊಂದು 78 ಇವೆ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡುಗಳು. ಮೇಲೆ ಹೇಳಿದ ನೀರನ್ನು ಅವಕ್ಕೆ ಅಪ್ಪಿತಪ್ಪಿಯೂ ಮುಟ್ಟಿಸಬೇಡ. ಅವು ಅರಗಿನ ತಟ್ಟೆಗಳು. ಬಡಗಿ ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮೇಜಿಗೆ ಪಾಲಿಶ್ ಹಚ್ಚುವುದನ್ನು ನೋಡಿದ್ದೀಯಲ್ಲ, ಅದೇ ಅರಗು. ಆಲ್ಕೊಹಾಲು ತಗುಲಿದರೆ ಹಾಡು ಬಟ್ಟೆಗೆ ಬರುತ್ತದೆ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಆಗಲೇ ಒಣಗಿಸು. ಕೈ ಜಾರಿದರೆ ಹಂಚಿನಂತೆ ಒಡೆಯುತ್ತವೆ, ಹಾಸಿಗೆಯ ಮೇಲೆ ಕೂತೇ ಕವರಿನಿಂದ ತೆಗೆ. ಇವುಗಳಲ್ಲಿ ಒಂದು ಗಾಯಕಿ ಗೌಹರ್ ಜಾನ್ ಅವರದು. 1902ರಲ್ಲಿ ಕಲ್ಕತ್ತಾದಲ್ಲಿ ಧ್ವನಿ ಮುದ್ರಿಸಿದವರು, ಕೊನೆಗಾಲ ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡವರು. ಅಷ್ಟು ಹಳೆಯ ತಟ್ಟೆಗಳು ಕರಾರುವಾಕ್ಕಾಗಿ 78 ಸುತ್ತಿನವಲ್ಲ, ಒಂದಿಷ್ಟು ಹೆಚ್ಚುಕಮ್ಮಿ ಇರುತ್ತವೆ. ಧ್ವನಿ ತೀರಾ ಕೀಚಲಾದರೆ ಅದು ಅವರ ತಪ್ಪಲ್ಲ.

ಎಲ್‌ಪಿಯ ಮುಳ್ಳನ್ನು 78ರ ಮೇಲೆ ಇಳಿಸಬೇಡ. 78ರ ಗಾಡಿ ಅಗಲ. ಸಣ್ಣ ತುದಿ ಅದರ ತಳಕ್ಕೆ ಬಿದ್ದು ಅಲ್ಲಿಯ ಕಸವನ್ನೇ ಓದುತ್ತದೆ, ಅರಗಿಗೆ ಬೆರೆಸಿದ ಕಲ್ಲಿನ ಪುಡಿ ಮುಳ್ಳನ್ನು ತಿನ್ನುತ್ತದೆ. ಎಸ್‌ಪಿ ಅನ್ನುವ 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ಮುಳ್ಳು ಅದೇ ಕಾರ್ಟ್ರಿಡ್ಜಿಗೆ ಕೂರುತ್ತದೆ, ಅದಕ್ಕೆ ಭಾರ 5 ಗ್ರಾಂ. ಕುಂಕುಮದ ಹಳೇ ಭರಣಿಯಲ್ಲಿ ಹತ್ತಿಯೊಳಗೆ ಇಟ್ಟಿದ್ದೇನೆ, ಕೆಂಪು ದಾರ ಸುತ್ತಿದೆ. ಎಲ್‌ಪಿಗೆ ಮರಳುವಾಗ ಭಾರ ಮತ್ತೆ 2ಕ್ಕೆ ಇಳಿಸುವುದು ಮರೆಯಬೇಡ.

ನಿನ್ನ ಅಮ್ಮ