ಗುಮ್ಮಟಕ್ಕೆ ಇಪ್ಪತ್ತು ನಿಮಿಷ, ಮಳಿಗೆಗೆ ಒಂದೂವರೆ ಗಂಟೆ

ಮಾನ್ಯ ಸಂಪಾದಕರೇ,

ಈಚೆಗೆ ಕುಟುಂಬ ಸಮೇತ ರೋಮ್ ನೋಡಿಬಂದೆವು. ಪ್ರವಾಸ ಸಂಸ್ಥೆಯವರು ದೊಡ್ಡ ಗುಮ್ಮಟದ ಪುರಾತನ ದೇಗುಲ ಪ್ಯಾಂಥಿಯನ್‌ಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಅನಂತರ ಚರ್ಮದ ಚೀಲಗಳ ಮಳಿಗೆಗೆ ಒಂದೂವರೆ ಗಂಟೆ! ಕಟ್ಟಡ ಕಾಮಗಾರಿಯಲ್ಲೇ ತಲೆ ನರೆತ ನನಗೆ ಇದು ನುಂಗಲಾರದ ತುತ್ತು.

ಹೇಡ್ರಿಯನ್ ಚಕ್ರವರ್ತಿಯ ಕಾಲದ ಆ ಗುಮ್ಮಟದ ಒಳವ್ಯಾಸ ಸುಮಾರು 43 ಮೀಟರ್. ನೆಲದಿಂದ ನೆತ್ತಿಗೂ ಅಷ್ಟೇ ಎತ್ತರ. ಉಕ್ಕಿನ ಸರಳು ಒಂದೂ ಇಲ್ಲದ ಕಾಂಕ್ರೀಟು. ಮೇಲೇರಿದಂತೆ ಹಗುರವಾದ ಜ್ವಾಲಾಮುಖಿ ಕಲ್ಲನ್ನು ಬೆರೆಸಿ, ಗುಮ್ಮಟದ ದಪ್ಪವನ್ನೂ ಇಳಿಸುತ್ತ ಹೋಗಿದ್ದಾರೆ. ಎರಡನೆಯ ಶತಮಾನದ ಲೆಕ್ಕಾಚಾರ ಇದು! ನೆತ್ತಿಯಲ್ಲಿ ತೆರೆದ ದುಂಡು ಕಿಂಡಿ. “ಮಳೆ ಬಂದರೆ?” ಎಂದಳು ಮೊಮ್ಮಗಳು. ಒಳಗೇ ಸುರಿದು, ನೆಲದ ಸಣ್ಣ ರಂಧ್ರಗಳಿಂದ ಹರಿದುಹೋಗುತ್ತದೆ ಎಂದೆ. ಅವಳು ಆ ರಂಧ್ರಗಳನ್ನು ಹುಡುಕಲು ಹೊರಡುವಷ್ಟರಲ್ಲಿ ಮಾರ್ಗದರ್ಶಿಯ ಬಾವುಟ ಬಾಗಿಲು ದಾಟಿತ್ತು.

ಕ್ರಿ.ಶ. 80ರಲ್ಲಿ ಉದ್ಘಾಟನೆಗೊಂಡ ಕೊಲೋಸಿಯಂ ಎಂಬ ಬೃಹತ್ ಕ್ರೀಡಾಂಗಣವನ್ನು ಹೊರಗಿನಿಂದಲೇ ತೋರಿಸಿದರು. ಒಳಗಿನ ಟಿಕೆಟ್ ನಾವು ಕಟ್ಟಿದ ಹಣದಲ್ಲಿ ಸೇರಿರಲಿಲ್ಲವಂತೆ. ಕಲ್ಲುಹಾಸಿನ ಬೀದಿಗಳಲ್ಲಿ ಮಂಡಿನೋವಿನ ನನ್ನ ಪತ್ನಿಗೆ ಕ್ಷಣಕಾಲ ಕೂರಲೂ ಬಿಡುವಿರಲಿಲ್ಲ. ಮಳಿಗೆಯಲ್ಲಿ ಮಾತ್ರ ಕುರ್ಚಿಗಳು ಧಾರಾಳವಾಗಿದ್ದವು.

ಪ್ರವಾಸ ಸಂಸ್ಥೆಗಳು ಜಾಹೀರಾತಿನಲ್ಲಿ ಸ್ಥಳಗಳ ಹೆಸರಿನ ಜೊತೆಗೆ ಅಲ್ಲಿ ಎಷ್ಟು ಹೊತ್ತು, ಒಳಗೋ ಹೊರಗೋ, ನಡುವೆ ಎಷ್ಟು ಮಳಿಗೆಗಳು ಎಂಬುದನ್ನೂ ಮುದ್ರಿಸಲಿ. ಹಿರಿಯರನ್ನು, ಮಕ್ಕಳನ್ನು ಕರೆದೊಯ್ಯುವವರು ಹಣ ಕಟ್ಟುವ ಮುನ್ನವೇ ಇದನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು.

– ಒಬ್ಬ ನಿವೃತ್ತ ಎಂಜಿನಿಯರ್