ಬ್ಯಾಂಕಾಕ್‌ನಲ್ಲಿ ತಡೆಬೀಳುವ ಕಾಗದ ಕೆಟ್ಟಿರುವುದು ಬೆಂಗಳೂರಿನಲ್ಲೇ

ಮಾನ್ಯ ಸಂಪಾದಕರೇ,

ಥಾಯ್ಲೆಂಡ್ ಎಂದೊಡನೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಪಟ್ಟಾಯ, ಫುಕೆಟ್, ಕಡಿಮೆ ದರದ ವಿಮಾನ. 2023ರ ನವೆಂಬರ್‌ನಲ್ಲಿ ಭಾರತೀಯ ಪ್ರವಾಸಿಗಳಿಗೆ ವೀಸಾ ವಿನಾಯಿತಿ ಸಿಕ್ಕ ಮೇಲಂತೂ ಆ ದೇಶಕ್ಕೆ ಹೋಗುವುದು ಮೈಸೂರಿಗೆ ಹೋಗಿಬಂದಷ್ಟು ಸಲೀಸು ಎಂಬ ಭಾವನೆ ಬೆಳೆದಿದೆ. ಪ್ರವಾಸಕ್ಕೆ ಅದು ನಿಜವೇ ಇರಬಹುದು. ಕೆಲಸ ಸಿಕ್ಕಿ ಸಂಸಾರ ಸಮೇತ ಅಲ್ಲಿ ನೆಲೆಸುವವರಿಗೆ, ಅದರಲ್ಲೂ ಅಲ್ಲೇ ಮಗು ಹುಟ್ಟುವುದಿದ್ದರೆ, ಲೆಕ್ಕ ಪೂರಾ ಬೇರೆ. ಅಂಥವರ ಮಗುವಿನ ಪಾಸ್‌ಪೋರ್ಟ್ ಮತ್ತು ವೀಸಾ ಅಡ್ಡಬೀಳುವುದು ಬ್ಯಾಂಕಾಕ್‌ನ ಕೌಂಟರಿನಲ್ಲಾದರೂ, ಅದಕ್ಕೆ ಕಾರಣ ಸಾಮಾನ್ಯವಾಗಿ ತಂದೆತಾಯಿ ಊರು ಬಿಡುವ ಮುನ್ನ ಸರಿಪಡಿಸಿಕೊಳ್ಳದ ಕಾಗದಗಳೇ.

ಮೊದಲನೆಯದು ಹೆಸರು. ಊರ ಹೆಸರು, ತಂದೆ ಹೆಸರು ಸೇರಿಸಿ ಎರಡು ಇನಿಷಿಯಲ್ ಇಟ್ಟುಕೊಳ್ಳುವುದು ನಮ್ಮ ರೂಢಿ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಹಾಗೆ ಬಿಡಿಸುವಾಗ ಎಷ್ಟೋ ಜನ ಎಲ್ಲವನ್ನೂ ಮೊದಲ ಹೆಸರಿನ ಕಾಲಂಗೆ ತುಂಬಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟಿರುತ್ತಾರೆ. ಥಾಯ್ಲೆಂಡ್‌ನಲ್ಲಿ 1913ರಿಂದಲೇ ಮನೆತನದ ಹೆಸರು ಕಡ್ಡಾಯ. ಅಲ್ಲಿನ ಜನನ ನೋಂದಣಿಯ ಗುಮಾಸ್ತರಿಗೆ ತಂದೆಯ ಸರ್‌ನೇಮ್ ಎಲ್ಲಿದೆಯೆಂದು ತೋರಿಸಲಾಗದಿದ್ದರೆ ಮಗುವಿಗೆ ಯಾವುದನ್ನು ಬರೆಯಬೇಕು ಎಂಬ ಪ್ರಶ್ನೆ ಆಸ್ಪತ್ರೆಯಲ್ಲೇ ಏಳುತ್ತದೆ. ಪಾಸ್‌ಪೋರ್ಟನ್ನು ಅಲ್ಲಿನ ರಾಯಭಾರ ಕಚೇರಿಯಲ್ಲೂ ಮರುವಿತರಣೆ ಮಾಡಿಸಿಕೊಳ್ಳಬಹುದು ನಿಜ, ಆದರೆ ಹೊಸ ಪುಸ್ತಕ ಬಂದ ಮೇಲೆ ವೀಸಾ ಮುದ್ರೆಯನ್ನು ಅದಕ್ಕೆ ವರ್ಗಾಯಿಸಿಕೊಳ್ಳುವ ಇನ್ನೊಂದು ಓಡಾಟ ಅಂಟಿಕೊಳ್ಳುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಸರ್‌ನೇಮ್ ತುಂಬಿಸಿ, ಗಂಡನ ಪುಸ್ತಕದಲ್ಲಿ ಹೆಂಡತಿಯ ಹೆಸರನ್ನೂ ಹೆಂಡತಿಯ ಪುಸ್ತಕದಲ್ಲಿ ಗಂಡನ ಹೆಸರನ್ನೂ ಸೇರಿಸಿಕೊಂಡೇ ಹೊರಡುವುದು ಜಾಣತನ.

ಎರಡನೆಯದು ಮದುವೆಯ ಪ್ರಮಾಣಪತ್ರ. ದೇವಸ್ಥಾನದ ರಸೀದಿ, ಛತ್ರದ ಬಿಲ್ಲು, ಲಗ್ನಪತ್ರಿಕೆ ಯಾವುದೂ ಅಲ್ಲಿ ನಡೆಯದು. ಉಪನೋಂದಣಾಧಿಕಾರಿ ಕಚೇರಿಯ ಪ್ರಮಾಣಪತ್ರವೇ ಆಗಬೇಕು. ಹಿಂದೂ ವಿವಾಹ ಕಾಯ್ದೆಯಡಿಯ ನೋಂದಣಿಗೆ ಈಗ ಕಾವೇರಿ 2.0 ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಅದರಲ್ಲಿನ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿರುವಂತೆ ಅಕ್ಷರ ತಪ್ಪದೆ ಇರಲಿ. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ದೃಢೀಕರಣ, ಕೊನೆಗೆ ಥಾಯ್ ದೂತಾವಾಸದ ಮುದ್ರೆ. ಕರ್ನಾಟಕದವರಿಗೆ ಹತ್ತಿರದ್ದು ಚೆನ್ನೈನ ಕಾನ್ಸುಲೇಟ್. ಅಪೊಸ್ಟಿಲ್ (ಹಲವು ದೇಶಗಳು ಒಪ್ಪುವ ದೃಢೀಕರಣ ಮುದ್ರೆ) ಒಂದಿದ್ದರೆ ಸಾಕೆಂದು ಏಜೆಂಟರು ಕೈತೊಳೆದುಕೊಳ್ಳುವುದುಂಟು. ಬ್ಯಾಂಕಾಕ್‌ನ ಅಧಿಕಾರಿಗಳು ಥಾಯ್ ದೂತಾವಾಸದ ಮುದ್ರೆ ಎಲ್ಲಿ ಎಂದು ಕೇಳಿದಾಗ ಆ ಏಜೆಂಟರು ಫೋನಿಗೆ ಸಿಗುವುದಿಲ್ಲ. ಮೂಲಪ್ರತಿಯನ್ನೇ ಜೊತೆಗೆ ಒಯ್ಯಬೇಕು.

ಇನ್ನು ವೀಸಾ. ಉದ್ಯೋಗಿಗೆ ನಾನ್-ಇಮಿಗ್ರಂಟ್ 'ಬಿ', ಸಂಗಾತಿ ಮತ್ತು ಮಕ್ಕಳಿಗೆ ನಾನ್-ಇಮಿಗ್ರಂಟ್ 'ಓ'. 2025ರ ಜನವರಿ 1ರಿಂದ ಭಾರತದಲ್ಲಿ ಥಾಯ್ ವೀಸಾ ಅರ್ಜಿಯೆಲ್ಲ ಇ-ವೀಸಾ ಜಾಲತಾಣದ ಮೂಲಕವೇ. ಕೂಸಿಗೂ ಪ್ರತ್ಯೇಕ ಅರ್ಜಿ ಬೇಕು, ತಾಯಿಯ ಅರ್ಜಿಯೊಳಗೆ ಸೇರಿಸಲು ಬರುವುದಿಲ್ಲ. ಅರ್ಜಿ ಹಾಕುವಾಗ ಆ ಕಾನ್ಸುಲೇಟ್‌ನ ವ್ಯಾಪ್ತಿಯಲ್ಲೇ ಇದ್ದೀರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಈ ವೀಸಾದಲ್ಲಿ ಒಳಗೆ ಹೋದರೆ ಸಿಗುವುದು 90 ದಿನ. ಅದು ಮುಗಿಯುವುದರೊಳಗೆ ಇಮಿಗ್ರೇಷನ್ ಕಚೇರಿಯಲ್ಲಿ ಟಿಎಂ 7 ಅರ್ಜಿ ಕೊಟ್ಟು, ತಲೆಗೆ 1,900 ಬಾತ್ ಕಟ್ಟಿ, ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು. ಹೆಂಡತಿ ಮಕ್ಕಳ ಅವಧಿ ಉದ್ಯೋಗಿಯ ಅವಧಿಗೆ ಗಂಟುಹಾಕಿಕೊಂಡಿರುತ್ತದೆ, ಅದನ್ನು ದಾಟುವಂತಿಲ್ಲ. 'ಮೊದಲು ಟೂರಿಸ್ಟಾಗಿ ಹೋಗಿ, ಅಲ್ಲೇ ಕನ್ವರ್ಟ್ ಮಾಡಿಸೋಣ' ಎನ್ನುವವರುಂಟು. ಆ ದಾರಿ ಇದೆ. ಆದರೆ ಕೈಯಲ್ಲಿ 15 ದಿನಕ್ಕಿಂತ ಕಡಿಮೆ ವಾಸ್ತವ್ಯ ಉಳಿದಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ದೃಢೀಕರಣ ಆಗದ ಮದುವೆ ಪ್ರಮಾಣಪತ್ರ ಹಿಡಿದು ಹೋದವರು ಸಿಕ್ಕಿಬೀಳುವುದು ಇಲ್ಲೇ. ಅವಧಿ ಮೀರಿದ ವಯಸ್ಕರಿಗೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000.

ಮಗು ಥಾಯ್ಲೆಂಡ್‌ನಲ್ಲೇ ಹುಟ್ಟಿದರೆ? ತಾತ್ಕಾಲಿಕ ವೀಸಾದಲ್ಲಿರುವ ವಿದೇಶಿ ದಂಪತಿಯ ಮಗುವಿಗೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಥಾಯ್ ಪೌರತ್ವ ಬರುವುದಿಲ್ಲ. ಆಸ್ಪತ್ರೆ ಕೊಡುವ ಜನನದ ಚೀಟಿ ಹಿಡಿದು 15 ದಿನದೊಳಗೆ ಜಿಲ್ಲಾ ಕಚೇರಿಯಲ್ಲಿ, ಬ್ಯಾಂಕಾಕ್‌ನಲ್ಲಾದರೆ 'ಖೇತ್' ಕಚೇರಿಯಲ್ಲಿ, ನೋಂದಾಯಿಸಬೇಕು. ತಡವಾದರೆ 1,000 ಬಾತ್‌ವರೆಗೆ ದಂಡ. ಹನ್ನೊಂದನೆಯದೋ ಹನ್ನೆರಡನೆಯದೋ ದಿನ ನಾಮಕರಣ ಮಾಡುವವರಿಗೆ 15 ದಿನದ ಗಡುವು ಹೇಗೋ ಹೊಂದುತ್ತದೆ. ಆದರೆ ದೊಡ್ಡ ಆಸ್ಪತ್ರೆಗಳು ನೋಂದಣಿಯ ಕೆಲಸ ತಾವೇ ಮಾಡಿಕೊಡುವುದರಿಂದ ತಾಯಿಮಗು ಮನೆಗೆ ಹೊರಡುವ ಮುನ್ನವೇ ಹೆಸರು ಕೇಳುತ್ತವೆ. ಅಜ್ಜಿ ತಾತ ಬರಲಿ, ಜಾತಕ ಬರೆಸಿ ಅಕ್ಷರ ನೋಡೋಣ ಎಂದು ಕಾಯುತ್ತ ಆ ಕ್ಷಣಕ್ಕೆ ತೋಚಿದ್ದೊಂದನ್ನು ಕೊಟ್ಟುಬಿಟ್ಟರೆ, ಮುಂದೆ ತಿದ್ದುಪಡಿಗೆ ಎರಡು ದೇಶಗಳ ಕಚೇರಿ ಸುತ್ತಬೇಕು. ಹೆರಿಗೆಗೆ ಮುಂಚೆಯೇ ಗಂಡಿಗೊಂದು ಹೆಣ್ಣಿಗೊಂದು ಹೆಸರು ನಿಶ್ಚಯಿಸಿ ಇಂಗ್ಲಿಷ್ ಕಾಗುಣಿತ ಸಮೇತ ಬರೆದಿಟ್ಟುಕೊಳ್ಳಬೇಕು.

ಅತಿ ಹೆಚ್ಚು ಅವಾಂತರ ಆಗುವುದು ಇದರ ಮುಂದಿನ ಹಂತದಲ್ಲಿ. ಜನನ ಪ್ರಮಾಣಪತ್ರ ಇರುವುದು ಥಾಯ್ ಲಿಪಿಯಲ್ಲಿ. ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಚೇಂಗ್ ವತ್ತನ ರಸ್ತೆಯಲ್ಲಿರುವ ಥಾಯ್ ವಿದೇಶಾಂಗ ಸಚಿವಾಲಯದ ಕಾನ್ಸುಲರ್ ಇಲಾಖೆಯಲ್ಲಿ ಮುದ್ರೆ ಹಾಕಿಸಬೇಕು. ಮುದ್ರೆಯೊಂದಕ್ಕೆ 200 ಬಾತ್, ತುರ್ತಾದರೆ 400. ಥಾಯ್ ಉಚ್ಚಾರದಲ್ಲಿ ಪದದ ಕೊನೆಯ ಶ, ಸ, ಜ, ದ ಎಲ್ಲವೂ 'ತ್' ಆಗುತ್ತವೆ, ಇಂಗ್ಲಿಷಿನ 'ವಿ' ಅಕ್ಷರ 'ಡಬ್ಲ್ಯೂ' ಆಗುತ್ತದೆ. ನಮ್ಮ ವಿಘ್ನೇಶನೇ ಅಲ್ಲಿ 'ಫಿಕ್ಕನೇತ್'. ಅನುವಾದಕರು ಥಾಯ್ ಅಕ್ಷರವನ್ನಷ್ಟೇ ನೋಡಿ ಇಂಗ್ಲಿಷಿಗೆ ಇಳಿಸಿದರೆ ವೆಂಕಟೇಶನ ಕೊನೆಯಲ್ಲಿ 'ಟಿ' ಬಂದು ಕೂರುತ್ತದೆ, ಭಾರತದ ರಾಯಭಾರ ಕಚೇರಿ 'ಇವರು ಯಾರು?' ಎನ್ನುತ್ತದೆ. ಅನುವಾದಕ್ಕೆ ಕೊಡುವಾಗಲೇ ತಂದೆತಾಯಿಯ ಪಾಸ್‌ಪೋರ್ಟ್ ಜೆರಾಕ್ಸ್ ಜೊತೆಗಿಡಬೇಕು. ಮಗುವಿಗೆ ಪಾಸ್‌ಪೋರ್ಟ್ ಇನ್ನೂ ಇಲ್ಲವಾದ್ದರಿಂದ ಅದರ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದ ಚೀಟಿಯನ್ನೂ ಲಗತ್ತಿಸಬೇಕು. ಇಸವಿಯನ್ನೂ ನೋಡಿಕೊಳ್ಳಿ. ಥಾಯ್ ದಾಖಲೆಗಳಲ್ಲಿ ಬೌದ್ಧ ಶಕೆ. 2568 ಎಂದಿದ್ದರೆ ಅದು ನಮ್ಮ 2025, ವ್ಯತ್ಯಾಸ 543. ಮುದ್ರೆ ಬೀಳುವ ಮುನ್ನ ಹೆಸರು, ತಾರೀಕು, ತಂದೆತಾಯಿಯ ರಾಷ್ಟ್ರೀಯತೆ ಮೂರನ್ನೂ ಬೆರಳಿಟ್ಟು ಓದಬೇಕು. ಮುದ್ರೆ ಬಿದ್ದ ಮೇಲೆ ತಪ್ಪು ಸಿಕ್ಕರೆ ಮೊದಲಿಂದ ಶುರು.

ಇಷ್ಟಾದ ಮೇಲೆ ಬ್ಯಾಂಕಾಕ್‌ನ ಸುಖುಮ್‌ವಿತ್ ಸೊಯ್ 23ರಲ್ಲಿರುವ ಭಾರತದ ರಾಯಭಾರ ಕಚೇರಿಯ ಸರದಿ. ಅಲ್ಲಿ ಎರಡು ಕೆಲಸ, ಎರಡೂ ಬೇರೆ ಬೇರೆ ಅರ್ಜಿ. ಒಂದು, 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಜನನ ನೋಂದಣಿ. 2004ರ ಡಿಸೆಂಬರ್ 3ರ ನಂತರ ವಿದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಮೂಲಕ ಭಾರತೀಯ ಪೌರತ್ವ ಸಿಗಬೇಕಾದರೆ ಹುಟ್ಟಿದ ಒಂದು ವರ್ಷದೊಳಗೆ ಈ ನೋಂದಣಿ ಆಗಲೇಬೇಕು, ಮಗು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ತಂದೆತಾಯಿ ಘೋಷಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಥಾಯ್ ಜನನ ಪ್ರಮಾಣಪತ್ರ ಕೈಯಲ್ಲಿದೆಯಲ್ಲ, ಅದೇ ನೋಂದಣಿ ಎಂದು ನಿಶ್ಚಿಂತರಾಗಿರುವವರು ಬಹಳ. ಅದು ಥಾಯ್ ಸರ್ಕಾರದ ನೋಂದಣಿ ಮಾತ್ರ. ತಂದೆತಾಯಿಯಲ್ಲೊಬ್ಬರು ಥಾಯ್ ಪ್ರಜೆಯಾಗಿದ್ದರೆ ಮಗು ಹುಟ್ಟಿನಿಂದಲೇ ಥಾಯ್. ಅದಕ್ಕೆ ಥಾಯ್ ಪಾಸ್‌ಪೋರ್ಟ್ ಮಾಡಿಸಿದ ಮೇಲೆ ಭಾರತದ ಪಾಸ್‌ಪೋರ್ಟ್ ಸಿಗದು, ಒಸಿಐ ಕಾರ್ಡಿನ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡು) ದಾರಿ ಹಿಡಿಯಬೇಕು.

ಇನ್ನೊಂದು, ಪಾಸ್‌ಪೋರ್ಟ್ ಅರ್ಜಿ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಅನೆಕ್ಸರ್ 'ಡಿ' ಎಂಬ ಘೋಷಣಾಪತ್ರ ಬೇಕು. ಒಬ್ಬರೇ ಅರ್ಜಿ ಹಾಕುವುದಾದರೆ ಅನೆಕ್ಸರ್ 'ಸಿ'. ಗಂಡ ಊರಲ್ಲಿದ್ದು ಹೆಂಡತಿ ಬ್ಯಾಂಕಾಕ್‌ನಲ್ಲಿದ್ದರೆ ಸಹಿಯ ಮೂಲಪ್ರತಿ ಕೊರಿಯರಿನಲ್ಲಿ ಬರಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಅರ್ಜಿ ವಾಪಸಾಗುವುದಕ್ಕೆ ಇನ್ನೊಂದು ಕಾರಣ ಫೋಟೊ. ಬಿಳಿ ಹಿನ್ನೆಲೆ ಇರಬೇಕು, ಮುಖ ಚಿತ್ರದ ಶೇ 80ರಿಂದ 85ರಷ್ಟು ತುಂಬಿರಬೇಕು, ಕಣ್ಣು ತೆರೆದು ಬಾಯಿ ಮುಚ್ಚಿರಬೇಕು, ಎತ್ತಿಕೊಂಡವರ ಕೈ ಕಾಣಬಾರದು. ಒಂದು ತಿಂಗಳ ಕೂಸಿಗೆ ಇದನ್ನು ಹೇಳಿ ಮಾಡಿಸುವುದು ಹೇಗೆ? ಸುಕ್ಕಿಲ್ಲದ ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿಸಿ, ಹಗಲು ಹೊತ್ತು ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ನೇರ ಮೇಲಿನಿಂದ ತೆಗೆಯಬೇಕು. ತೆಗೆಯುವವರ ನೆರಳು ಮುಖದ ಮೇಲೆ ಬೀಳದಂತೆ ಕಿಟಕಿಗೆ ಎದುರಾಗಿ ನಿಲ್ಲಬೇಕು. ಕೆನ್ನೆಯ ಮೇಲಿನ ದೃಷ್ಟಿಬೊಟ್ಟನ್ನೂ ಹಣೆಯ ಕಾಡಿಗೆಯನ್ನೂ ಆ ಐದು ನಿಮಿಷಕ್ಕೆ ಒರೆಸಿಬಿಡಿ, ಅಜ್ಜಿಯರು ಕ್ಷಮಿಸುತ್ತಾರೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು: ಗಂಡುಮಗುವಿನದು ಎಡಗೈ, ಹೆಣ್ಣುಮಗುವಿನದು ಬಲಗೈ. ಹಾಲು ಕುಡಿದು ನಿದ್ದೆ ಹೋದಾಗ ಮುಷ್ಟಿ ಸಡಿಲವಾಗಿರುತ್ತದೆ, ಆಗ ತೆಗೆಯುವುದು ಸುಲಭ. ಇಂಕು ಕಡಿಮೆ ಇರಲಿ, ಗುರುತು ಚೌಕದ ಗೆರೆಗೆ ತಾಗದಿರಲಿ. ಬೇರೆ ಹಾಳೆಯ ಮೇಲೆ ನಾಲ್ಕು ಸಲ ಒತ್ತಿ ನೋಡಿ ಆಮೇಲೆ ಅರ್ಜಿಯ ಮೇಲೆ ಒತ್ತಬೇಕು.

ಪಾಸ್‌ಪೋರ್ಟ್ ಬರುವ ಮುನ್ನ ಊರಿಗೆ ಬರಲೇಬೇಕಾದ ತುರ್ತು ಎದುರಾದರೆ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಅದು ಭಾರತಕ್ಕೆ ಒಮ್ಮುಖ ಪ್ರಯಾಣಕ್ಕಷ್ಟೇ. ಆಮೇಲೆ ಮಗುವಿನ ಪಾಸ್‌ಪೋರ್ಟ್, ವೀಸಾ ಎರಡನ್ನೂ ಇಲ್ಲಿಂದ ಹೊಸದಾಗಿ ಮಾಡಿಸಬೇಕು, ತಾಯಿ ಮಗು ತಿಂಗಳುಗಟ್ಟಲೆ ಇಲ್ಲೇ ಉಳಿಯಬೇಕಾಗಬಹುದು. ಸಾವುನೋವಿನಂಥ ಸಂದರ್ಭ ಬಿಟ್ಟು, ತೊಟ್ಟಿಲಶಾಸ್ತ್ರಕ್ಕೆಂದು ಈ ದಾರಿ ಹಿಡಿಯುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಇಮಿಗ್ರೇಷನ್‌ನಲ್ಲಿ ಮಗುವಿನ ವಾಸ್ತವ್ಯದ ಅನುಮತಿ ಮಾಡಿಸಿಕೊಳ್ಳಬೇಕು. ಇಮಿಗ್ರೇಷನ್ ಕಚೇರಿ ಇರುವುದೂ ಚೇಂಗ್ ವತ್ತನ ರಸ್ತೆಯಲ್ಲೇ, ಆದರೆ ಸರ್ಕಾರಿ ಸಂಕೀರ್ಣದ 'ಬಿ' ಕಟ್ಟಡದಲ್ಲಿ. ಟ್ಯಾಕ್ಸಿಯವರಿಗೆ ರಸ್ತೆಯ ಹೆಸರನ್ನಷ್ಟೇ ಹೇಳಿದರೆ ವಿದೇಶಾಂಗ ಸಚಿವಾಲಯದ ಮುಂದೆ ಇಳಿಸಿ ಹೋದಾರು. ತಮ್ಮಲ್ಲಿ ತಂಗಿರುವ ವಿದೇಶಿಯರ ಬಗ್ಗೆ ಮನೆ ಮಾಲೀಕರು ಸಲ್ಲಿಸುವ ಟಿಎಂ 30 ವರದಿಯಲ್ಲಿ ಮಗುವಿನ ಹೆಸರೂ ಇರಬೇಕು, ಇಲ್ಲದಿದ್ದರೆ ಕೌಂಟರಿನಲ್ಲೇ ತಡೆ. ವಾಸದ ವಿಳಾಸ ತಿಳಿಸಲು 90 ದಿನಕ್ಕೊಮ್ಮೆ ಕೊಡುವ ಟಿಎಂ 47 ವರದಿಗೆ ಗಡುವಿನ 15 ದಿನ ಮುಂಚಿನಿಂದ 7 ದಿನ ನಂತರದವರೆಗೆ ಅವಕಾಶವಿದೆ. ದಸರೆಗೋ ಮದುವೆಗೋ ಊರಿಗೆ ಬರುವಾಗ ರೀ-ಎಂಟ್ರಿ ಪರ್ಮಿಟ್ ಇಲ್ಲದೆ ವಿಮಾನ ಹತ್ತಿದರೆ ವರ್ಷದ ವಿಸ್ತರಣೆ ಅಲ್ಲಿಗೇ ರದ್ದು. ಈ ಪರ್ಮಿಟ್‌ಗೆ ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಗಂಡ ಹೆಂಡತಿ ಮಾಡಿಸಿಕೊಂಡು ಮಗುವಿನದನ್ನು ಮರೆಯುವುದು ಅಪರೂಪವೇನಲ್ಲ. ಮರಳುವಾಗ ತುಂಬುವ ಡಿಜಿಟಲ್ ಆಗಮನ ಕಾರ್ಡೂ 2025ರ ಮೇ 1ರಿಂದ ಕಡ್ಡಾಯ, ಮಗುವಿಗೂ ಬೇಕು. ಅದು ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ.

ಬೆಂಗಳೂರಿನ ಐಟಿ ಮಂದಿಯಲ್ಲಿ ಈಗ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ) ಮಾತು ಜಾಸ್ತಿ. 2024ರ ಜುಲೈನಲ್ಲಿ ಬಂದದ್ದು. ಐದು ವರ್ಷದ ಅವಧಿ, ಪ್ರತಿ ಪ್ರವೇಶಕ್ಕೆ 180 ದಿನ, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಹೊರಗಿನ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಒಳ್ಳೆಯದೇ. ಆದರೆ ಇದಕ್ಕೆ ಥಾಯ್ಲೆಂಡ್‌ನ ಹೊರಗಿನಿಂದಲೇ ಅರ್ಜಿ ಹಾಕಬೇಕು. ಹಾಗಾಗಿ ಅಲ್ಲೇ ಹುಟ್ಟಿದ ಕೂಸಿಗೆ ಡಿಟಿವಿ ಬೇಕೆಂದರೆ ಅದನ್ನು ಒಮ್ಮೆ ದೇಶದಿಂದ ಹೊರಗೆ ಕರೆದೊಯ್ಯಲೇಬೇಕು. ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ಇಲ್ಲಿಂದಲೇ ಮಗುವನ್ನು ಕರೆದೊಯ್ಯುವವರಿಗೆ ಇನ್ನೊಂದು ಮಾತು. 2023ರ ಅಕ್ಟೋಬರ್ 1 ಮತ್ತು ಆನಂತರ ಹುಟ್ಟಿದವರಿಗೆ ಪಾಸ್‌ಪೋರ್ಟ್‌ಗೆ ಜನ್ಮದಿನಾಂಕದ ದಾಖಲೆಯೆಂದರೆ ಜನನ ಪ್ರಮಾಣಪತ್ರ ಒಂದೇ. ನಮ್ಮಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯಿರುವ ಪ್ರಮಾಣಪತ್ರವನ್ನೇ ಮನೆಯಲ್ಲಿಟ್ಟುಕೊಂಡವರು ಬೇಕಾದಷ್ಟು ಮಂದಿ. ಹುಟ್ಟಿದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಥಾಯ್ ವಿಸ್ತರಣೆಯೂ ಪಾಸ್‌ಪೋರ್ಟ್ ಅವಧಿ ದಾಟುವುದಿಲ್ಲ. ಕೊನೆಯ ವರ್ಷ ಶುರುವಾದಾಗಲೇ ಹೊಸದಕ್ಕೆ ಅರ್ಜಿ ಹಾಕಿ, ರದ್ದಾದ ಹಳೆಯ ಪುಸ್ತಕವನ್ನು ಕೇಳಿ ವಾಪಸು ಪಡೆಯಬೇಕು. ವೀಸಾ ಮುದ್ರೆ ವರ್ಗಾವಣೆಗೆ ಹಳೆಯದೂ ಬೇಕು, ಹೊಸದೂ ಬೇಕು.

ನಮ್ಮ ಸರ್ಕಾರದಿಂದ ಆಗಬೇಕಾದದ್ದು ಹೆಚ್ಚೇನಿಲ್ಲ. ಮದುವೆ ನೋಂದಣಿ ಅರ್ಜಿಯಲ್ಲಿ ವಧೂವರರ ಪಾಸ್‌ಪೋರ್ಟ್ ಇದ್ದರೆ ಅದರಲ್ಲಿನ ಹೆಸರನ್ನೇ ತುಂಬುವಂತೆ ಒಂದು ಕಾಲಂ ಸೇರಿಸಲಿ. ರಾಜ್ಯದ ಅನಿವಾಸಿ ಭಾರತೀಯ ಸಮಿತಿಯು ದೃಢೀಕರಣದ ಹಂತ, ಶುಲ್ಕ, ಕಚೇರಿ ವಿಳಾಸಗಳನ್ನು ದೇಶವಾರು ಕನ್ನಡದಲ್ಲಿ ಒಂದೊಂದು ಪುಟದಷ್ಟು ಪ್ರಕಟಿಸಲಿ, ಥಾಯ್ಲೆಂಡ್ ಅದರಲ್ಲಿ ಒಂದಾಗಿರಲಿ.

ಇಂತಿ,
ಒಬ್ಬ ಕನ್ನಡಿಗ, ಬ್ಯಾಂಕಾಕ್